ಚಿವುಟಜ್ಜಿ ಮತ್ತು ಗೋದಲಿಯ ಹಾಡು

ಚಿವುಟಜ್ಜಿಯನ್ನು ಮಣ್ಣು ಮಾಡಿದ ದಿನ ಅವಳ ಹಿಂದೆ ನಡೆದವರು ಗುಂಡಿ ತೋಡುವವನು, ಪಾದ್ರಿಗಳು ಮತ್ತು ನಾನು. ಪಾದ್ರಿಗಳು ಊರಿಗೆ ಹೊಸಬರು. ಸತ್ತವಳ ಬಗ್ಗೆ ಎರಡು ಒಳ್ಳೆಯ ಮಾತು ಆಡಬೇಕಾದದ್ದು ಅವರ ಕರ್ತವ್ಯ. ಮಾತು ಸಿಗದೆ ನನ್ನ ಕಡೆ ತಿರುಗಿದರು. "ಇಸ್ತ್ರಿ ಚೆನ್ನಾಗಿ ಮಾಡ್ತಿದ್ದಳು," ಎಂದೆ. ಅದನ್ನೇ ಹಿಗ್ಗಿಸಿ, ದೇವರ ಕೈಯಲ್ಲಿ ಎಲ್ಲರ ಸುಕ್ಕೂ ಬಿಚ್ಚಿಕೊಳ್ಳುತ್ತದೆ ಎಂದು ಹೇಳಿ ಅವರು ಪ್ರಾರ್ಥನೆ ಮುಗಿಸಿದರು. ಗುಂಡಿ ತೋಡುವವನು ಗುದ್ದಲಿಯ ಮಣ್ಣು ಕೊಡವುತ್ತ, "ಇನ್ನು ಮೇಲೆ ಕ್ರಿಸ್ಮಸ್ಸಿಗೆ ಊರಿನ ಮಕ್ಕಳ ತೊಡೆ ಉಳೀತು ಬಿಡಿ," ಎಂದು ನಕ್ಕ. ಪಾದ್ರಿಗಳಿಗೆ ಅರ್ಥವಾಗಲಿಲ್ಲ. ಊರಿನಲ್ಲಿ ಉಳಿದ ಎಲ್ಲರಿಗೂ ಅರ್ಥವಾಗುವ ಮಾತು ಅದು.

ನಮ್ಮ ಚರ್ಚಿನಲ್ಲಿ ಕ್ರಿಸ್ಮಸ್ ಬೆಳಗಿನ ಆರಾಧನೆ ಒಂದು ಹಾಡಿನಿಂದ ಮುಗಿಯುತ್ತದೆ. ಬೇರೆ ಊರಿನವರು ಅದನ್ನು ಕೇಳಲೆಂದೇ ಬರುತ್ತಾರೆ. ಬಂದವರು ಕಲಿತುಕೊಂಡು ಹೋಗಿ ತಮ್ಮ ತಮ್ಮ ಚರ್ಚುಗಳಲ್ಲಿಯೂ ಹಾಡುತ್ತಾರೆ. ಹಾಡು ಚಿಕ್ಕದು.

ಮಲಗು ಗೋದಲಿಯ ಕಂದ, ಬಿಳಿಯ ತಾರೆಯ ಕೆಳಗೆ,
ಬರುವ ಹೆಜ್ಜೆಯು ಬಂದು ಸೇರಲಿ.

ಇಷ್ಟು ಹಾಡಿ ಗಾಯಕರು ನಿಲ್ಲಿಸುತ್ತಾರೆ. ವಾದ್ಯವೂ ನಿಲ್ಲುತ್ತದೆ. ಇಡೀ ಚರ್ಚು ಉಸಿರು ಬಿಗಿಹಿಡಿದು ಕೂರುತ್ತದೆ. ಕೊಟ್ಟಿಗೆಯ ಗೋದಲಿಯಲ್ಲಿ ಹುಲ್ಲಿನ ಮೇಲೆ ಮಲಗಿದ ದೇವರ ಕೂಸನ್ನು ಕಾಣಲು ದೂರದಿಂದ ನಡೆದು ಬರುತ್ತಿರುವ ಅರಸರ ಹೆಜ್ಜೆಗಳನ್ನು ಆ ಮೌನದಲ್ಲಿ ಕೇಳಬಹುದು ಎಂದು ತಂದೆಯರು ಮಕ್ಕಳಿಗೆ ಹೇಳಿಕೊಡುತ್ತಾರೆ. ಆಮೇಲೆ ಗಾಯಕರು ಬಲು ಮೆತ್ತಗೆ ಮುಂದುವರಿಸುತ್ತಾರೆ.

ಸೇರಿದ ಮೇಲೆ ಹಾಲು, ಸೇರಿದ ಮೇಲೆ ತೋಳು,
ಅಲ್ಲಿಯ ತನಕ ಉಸಿರೂ ಕೇಳದಿರಲಿ.

ಹಾಡಿನ ಮೇಷ್ಟ್ರು ಒಂದು ಚಳಿಯ ಮುಂಜಾನೆ ಚರ್ಚಿನ ಮೆಟ್ಟಿಲ ಮೇಲೆ ಒಬ್ಬರೇ ಕುಳಿತಿದ್ದಾಗ ಈ ಹಾಡು ಅವರಿಗೆ ತಾನಾಗಿ ಕೇಳಿಸಿತು ಎಂಬುದು ಊರಿನ ನಂಬಿಕೆ. ಬಾಗಿಲ ಪಕ್ಕದ ಕಲ್ಲಿನಲ್ಲಿಯೂ ಹಾಗೆಯೇ ಕೆತ್ತಿದ್ದಾರೆ. ಹಾಡು ಹುಟ್ಟಿದ್ದು ಮೆಟ್ಟಿಲ ಮೇಲಲ್ಲ. ಅದು ಹುಟ್ಟಿದ್ದು ಲಾಂಡ್ರಿಯಲ್ಲಿ, ನನ್ನ ಬೆನ್ನ ಹಿಂದಿನ ಮೇಜಿನಲ್ಲಿ.

ಆ ಲಾಂಡ್ರಿಗೆ ಆಸ್ಪತ್ರೆಯ ದುಪ್ಪಟಿಗಳು, ಹೋಟೆಲಿನ ಮೇಜುಬಟ್ಟೆಗಳು, ಚರ್ಚಿನ ನಿಲುವಂಗಿಗಳು ಎಲ್ಲವೂ ಬರುತ್ತಿದ್ದವು. "ಹೆತ್ತವಳ ದುಪ್ಪಟಿ, ಸತ್ತವನ ದುಪ್ಪಟಿ, ನಮ್ಮ ಕೈಗೆ ಬಂದ ಮೇಲೆ ಎರಡೂ ಒಂದೇ ಮಡಿಕೆ," ಎಂದು ಹೆಂಗಸರು ಹೇಳಿಕೊಳ್ಳುತ್ತಿದ್ದರು. ಕೆಳಗಿನ ಕೋಣೆಯಲ್ಲಿ ಬಾಯ್ಲರ್, ಅದರ ಮೇಲೆ ಒಗೆಯುವ ತೊಟ್ಟಿಗಳು, ಅದರ ಮೇಲಿನ ಉದ್ದನೆಯ ಕೋಣೆಯಲ್ಲಿ ನಮ್ಮ ಇಸ್ತ್ರಿ ಮೇಜುಗಳು. ಮೇಜುಗಳನ್ನು ಒಂದರ ಹಿಂದೆ ಒಂದು ಇಟ್ಟಿದ್ದರು. ಎಲ್ಲರ ಮುಖವೂ ಒಂದೇ ಗೋಡೆಯ ಕಡೆಗೆ. ಎದುರುಬದುರು ನಿಂತರೆ ಹೆಂಗಸರು ಮಾತಿಗೆ ಇಳಿಯುತ್ತಾರೆ ಎಂಬ ಕಾರಣಕ್ಕೆ. ಆದ್ದರಿಂದ ನಾವು ಒಬ್ಬರನ್ನೊಬ್ಬರು ಬೆನ್ನಿನಿಂದ ಬಲ್ಲವರು, ದನಿಯಿಂದ ಬಲ್ಲವರು.

ಮೇಲ್ವಿಚಾರಕಿಯನ್ನು ಬಲ್ಲದ್ದು ಹೆಜ್ಜೆಯಿಂದ. ಅವಳ ಷೂಗಳ ಹಿಮ್ಮಡಿಗೆ ಕಬ್ಬಿಣದ ಅಂಚು ಹೊಡೆಸಿತ್ತು. ಕಲ್ಲು ನೆಲದ ಮೇಲೆ ಅದು ಕಟಕಟ ಸದ್ದು ಮಾಡುತ್ತಿತ್ತು. ಹೆಂಗಸರು ಅವಳಿಗೆ ಲಾಳದಮ್ಮ ಎಂದು ಹೆಸರಿಟ್ಟಿದ್ದರು. ಕೋಣೆಯಲ್ಲಿ ಹಾಡುವಂತಿರಲಿಲ್ಲ. ಆದರೆ ಇಸ್ತ್ರಿಪೆಟ್ಟಿಗೆ ತೂಕದ್ದು. ದನಿಯ ಆಸರೆ ಇಲ್ಲದಿದ್ದರೆ ತೋಳು ಬಲುಬೇಗ ಸೋಲುತ್ತದೆ. ಹೀಗಾಗಿ ಎಲ್ಲರೂ ತುಟಿಯೊಳಗೇ ಹಾಡಿಕೊಳ್ಳುತ್ತಿದ್ದರು. ಲಾಳ ಕೇಳಿದರೆ ಹಾಡು ಎಲ್ಲಿತ್ತೋ ಅಲ್ಲೇ ನಿಲ್ಲುತ್ತಿತ್ತು. ಲಾಳ ದಾಟಿಹೋದ ಮೇಲೆ ನಿಂತ ಜಾಗದಿಂದಲೇ ಮತ್ತೆ ಶುರು. "ಕುದುರೆ ಹೋಯ್ತು, ಗಾಡಿ ಹೂಡ್ರೇ," ಎಂದು ಯಾರಾದರೂ ಪಿಸುಗುಟ್ಟಿದರೆ ಮೇಜಿನಿಂದ ಮೇಜಿಗೆ ಬೆನ್ನುಗಳು ನಗುವಿನಿಂದ ಅಲುಗುತ್ತಿದ್ದವು.

ನನ್ನ ಹಿಂದಿನ ಮೇಜಿನವಳು ಕಾಲರುಗಳ ಕೆಲಸದವಳು. ಗಂಜಿ ಹಾಕಿದ ಕಾಲರನ್ನು ಕಾಗದದಂತೆ ನಿಲ್ಲಿಸುವ ಕೈ ಅವಳೊಬ್ಬಳಿಗೇ ಇತ್ತು; ಅದಕ್ಕೆ ಆಗ ಅವಳ ಹೆಸರು ಗಂಜಿಯಕ್ಕ. ಗಂಡ ಅದೇ ಲಾಂಡ್ರಿಯ ಬಾಯ್ಲರಿಗೆ ಕಲ್ಲಿದ್ದಲು ಹಾಕುತ್ತಿದ್ದವನು. ಬಾಯ್ಲರಿನ ಮುಚ್ಚಳ ಹಾರಿದಾಗ ಹಬೆಯಲ್ಲಿ ಬೆಂದು ಸತ್ತ. ಆಗ ಅವಳು ಬಸುರಿ. ಹೆತ್ತ ಮೇಲೆ ಕೆಲಸಕ್ಕೆ ಮರಳಿ ಬರಬಹುದು, ಮಗುವನ್ನು ಮಾತ್ರ ಹೊಸ್ತಿಲು ದಾಟಿಸಬಾರದು ಎಂದು ಲಾಳದಮ್ಮ ಹೇಳಿದ್ದಳು. ಕೋಣೆಯೊಳಗೆ ಮಗು ಕಂಡರೆ ತಾಯಿ ಹೊರಗೆ. ಅದು ನಿಯಮ.

ಮನೆಯಲ್ಲಿ ಅತ್ತೆ ಇದ್ದಳು. ಕೈಕಾಲು ಗಟ್ಟಿಯಿದ್ದ ಹೆಂಗಸು.

"ಅತ್ತೇ, ಹಗಲು ಹೊತ್ತು ಒಂದಿಷ್ಟು ನೋಡ್ಕೊಳ್ಳಿ. ನಿಮ್ಮ ಮಗನ ಕೂಸೇ ತಾನೆ?"

"ನಾನು ಹೆತ್ತದ್ದನ್ನ ನಾನು ಸಾಕಿದ್ದೀನಮ್ಮ. ಬೆಳೆಸಿ ನಿನ್ನ ಕೈಗೆ ಕೊಟ್ಟೆ, ನೀನು ಬೇಯಿಸಿ ಕೊಟ್ಟೆ. ಇನ್ನೊಂದನ್ನ ಬೆಳೆಸೋ ಶಕ್ತಿ ನನಗಿಲ್ಲ."

ಓಣಿಯ ಕಿವಿಗೆ ಬೀಳುವಂತೆ ಅತ್ತೆ ಈ ಮಾತನ್ನು ಬಾಗಿಲಲ್ಲಿ ನಿಂತು ಆಡಿದಳು. ಮಾರನೆಯ ದಿನ ಗಂಜಿಯಕ್ಕ ಮಗುವನ್ನು ಮಡಿಚಿದ ಬಟ್ಟೆಯ ಗಂಟಿನಂತೆ ಕಂಕುಳಲ್ಲಿ ಹಿಡಿದು ಲಾಂಡ್ರಿಗೆ ಬಂದಳು.

ಪ್ರತಿಯೊಬ್ಬಳ ಮೇಜಿನ ಕೆಳಗೂ ಬೆತ್ತದ ಬುಟ್ಟಿಗಳಿರುತ್ತಿದ್ದವು. ಎಡಗಡೆಯದರಲ್ಲಿ ಇಸ್ತ್ರಿಯಾಗಬೇಕಾದ ಒದ್ದೆ ಬಟ್ಟೆ. ಹಿಂದೆ ಒಂದರೊಳಗೊಂದು ಪೇರಿಸಿದ ಖಾಲಿ ಬುಟ್ಟಿಗಳು. ಖಾಲಿಯವುಗಳಲ್ಲಿ ಮೇಲಿನದರಲ್ಲಿ ಅವಳು ಮಗುವನ್ನು ಮಲಗಿಸಿ, ಮೇಲೆ ಒಂದು ತೆಳು ಬಟ್ಟೆ ಹೊದಿಸುತ್ತಿದ್ದಳು. ಗಂಡು ಮಗು. ಅದರ ಹೆಸರು ಗುಬ್ಬಿ. ಎಲ್ಲ ಮೇಜಿಗೂ ವಿಷಯ ಗೊತ್ತಿತ್ತು. ಯಾವ ಮೇಜೂ ಬಾಯಿ ಬಿಡಲಿಲ್ಲ.

ಹಾಡು ಅವಳದೇ. ಗುಬ್ಬಿಗಾಗಿ ಕಟ್ಟಿದ್ದು. ಇಸ್ತ್ರಿಪೆಟ್ಟಿಗೆ ಹೋಗಿ ಬರುವ ಲಯಕ್ಕೆ ಅವಳು ಅದನ್ನು ತುಟಿಯೊಳಗೆ ಹಾಡುತ್ತಿದ್ದಳು.

ಮಲಗು ಬುಟ್ಟಿಯ ಕಂದ, ಬಿಳಿಯ ಬಟ್ಟೆಯ ಕೆಳಗೆ,
ಬರುವ ಹೆಜ್ಜೆಯು ಬಂದು ಹೋಗಲಿ.

ಇಲ್ಲಿ ಅವಳು ನಿಲ್ಲಿಸುತ್ತಿದ್ದಳು. ಲಾಳ ಕೇಳಿಸಲಿ ಬಿಡಲಿ, ಪ್ರತಿ ಸಲವೂ ನಿಲ್ಲಿಸುತ್ತಿದ್ದಳು. ನಿಂತಾಗ ಒಂದು ಕೈ ಕೆಳಗೆ ಬಿಟ್ಟು ಗುಬ್ಬಿಯ ಬಾಯಿಯ ಮೇಲೆ ಅಂಗೈ ಇಡುತ್ತಿದ್ದಳು. ಆಮೇಲೆ ಕೈ ತೆಗೆದು, ಹೋದ ಮೇಲೆ ಹಾಲು, ಹೋದ ಮೇಲೆ ತೋಳು, ಅಲ್ಲಿಯ ತನಕ ಉಸಿರೂ ಕೇಳದಿರಲಿ ಎಂದು ಮುಗಿಸಿ, ಬಾಗಿ ಒಂದು ಗುಟುಕು ಕುಡಿಸುತ್ತಿದ್ದಳು. ಮಗು ಕಲಿಯಿತು. ಹಾಡು ನಿಂತರೆ ತುಟಿ ಬಿಗಿಯಬೇಕು, ಬಿಗಿದರೆ ಹಾಲು. ಬರಬರುತ್ತ ಅಂಗೈಯ ಅಗತ್ಯವೇ ಬೀಳಲಿಲ್ಲ.

"ಅತ್ತರೆ ತಾನೆ ತಾಯಿ ಹಾಲು ಕೊಡೋದು ಅಂತಾರೆ," ಎಂದು ನಾನು ಬೆನ್ನು ತಿರುಗಿಸದೆಯೇ ಒಮ್ಮೆ ಅಂದಿದ್ದೆ.

"ಅದು ಮನೆಯಲ್ಲಿರೋ ಮಕ್ಕಳಿಗೆ," ಎಂದಳು ಹಿಂದಿನಿಂದ. "ನನ್ನ ಗುಬ್ಬಿ ಕೆಲಸಕ್ಕೆ ಬರೋ ಮಗು. ಲಾಳ ಕೇಳಿದರೆ ಉಸಿರೂ ಬಿಡಲ್ಲ. ಮುದುಕರಿಗೂ ಇಲ್ಲ ಇವನಿಗಿರೋ ಬುದ್ಧಿ."

ಆ ದನಿಯಲ್ಲಿ ಹೆಮ್ಮೆಯಿತ್ತು. ಹೆಮ್ಮೆ ಪಡುವಂಥದೇ ಆಗಿತ್ತು. ಲಾಳದಮ್ಮ ದಿನವೂ ಆ ಬುಟ್ಟಿಯ ಪಕ್ಕದಲ್ಲೇ ಹಾದುಹೋಗುತ್ತಿದ್ದಳು.

ಕ್ರಿಸ್ಮಸ್ ಹತ್ತಿರ ಬಂದಾಗ ಹಾಡಿನ ಮೇಷ್ಟ್ರು ಗಾಯಕರ ನಿಲುವಂಗಿಗಳ ವಿಚಾರಕ್ಕೆ ಲಾಂಡ್ರಿಗೆ ಬಂದರು. ಶಾಲೆಯಲ್ಲಿ ಸಂಗೀತ ಕಲಿಸುತ್ತಿದ್ದ ಮೆದು ಸ್ವಭಾವದ ಮನುಷ್ಯ. ಮೆತ್ತನೆಯ ಚರ್ಮದ ಷೂ ಹಾಕಿಕೊಂಡು ಹಿಂದಿನ ಬಾಗಿಲಿನಿಂದ ಬಂದದ್ದರಿಂದ ಅವರು ಬಂದದ್ದು ಯಾರಿಗೂ ಕೇಳಿಸಲಿಲ್ಲ. ಗಂಜಿಯಕ್ಕ ಹಾಡುತ್ತಿದ್ದಳು. ಹೆಜ್ಜೆಯು ಬಂದು ಹೋಗಲಿ ಎಂಬಲ್ಲಿ ನಿಲ್ಲಿಸುವುದಕ್ಕೂ ಕೋಣೆಯ ಆ ತುದಿಯಿಂದ ಲಾಳದ ಸದ್ದು ಕೇಳಿಸುವುದಕ್ಕೂ ಸರಿಹೋಯಿತು. ಸದ್ದು ಅವಳ ಮೇಜಿನ ಪಕ್ಕಕ್ಕೆ ಬಂದು ನಿಂತಿತು. ಇನ್ನು ಮುಂದಿನದು ನಾನು ಕಂಡದ್ದಲ್ಲ, ಬೆನ್ನ ಹಿಂದೆ ಕೇಳಿದ್ದು. ಉಳಿದದ್ದನ್ನು ಅವಳೇ ಆಮೇಲೆ ಹೇಳಿದಳು.

ಲಾಳದಮ್ಮನ ತೋಳಿನ ಮೇಲೆ ನಿಲುವಂಗಿಗಳ ರಾಶಿಯಿತ್ತು. ಗಂಜಿಯಲ್ಲಿ ಅದ್ದಿ ತೆಗೆದ, ಒದ್ದೆ ಹಲಗೆಯಂತೆ ಭಾರವಾದ ಬಟ್ಟೆ.

"ಇವೇ ನೋಡಿ ಮೇಷ್ಟ್ರೇ, ನಿಮ್ಮವು. ಕಾಲರಿಗೆಲ್ಲ ಇವಳೇ," ಎಂದು ಹೇಳಿ, ತೋಳು ಖಾಲಿ ಮಾಡಿಕೊಳ್ಳಲು ಅವಳು ಆ ರಾಶಿಯನ್ನು ಕಾಲ ಬಳಿಯ ಬುಟ್ಟಿಗೆ ಹಾಕಿದಳು. ಎಡಗಡೆಯ ಬುಟ್ಟಿಗೆ ಹಾಕಬೇಕಿತ್ತು. ಹಿಂದಿನದಕ್ಕೆ ಹಾಕಿದಳು.

ಗಂಜಿಯಕ್ಕ ನೋಡಿದಳು. ಬಾಯಿ ತೆರೆದರೆ ಕೆಲಸ ಹೋಯಿತು. ಬಟ್ಟೆಯೇ ತಾನೆ, ಕಲ್ಲಲ್ಲವಲ್ಲ. ಮೇಷ್ಟ್ರು ಈಗ ಹೋಗುತ್ತಾರೆ, ಅವರ ಹಿಂದೆ ಇವಳೂ ಹೋಗುತ್ತಾಳೆ. ಅಷ್ಟರವರೆಗೆ ತಾನೆ. ಅವಳು ಹಾಗೆ ಲೆಕ್ಕ ಹಾಕಿದಳು.

ಮೇಷ್ಟ್ರು ಹೋಗಲಿಲ್ಲ. "ನಿಲುವಂಗಿ ಇರಲಿ. ಇವರು ಹಾಡ್ತಿದ್ದರಲ್ಲ, ಅದು ಏನು ಹಾಡು?" ಎಂದರು.

"ಹಾಡಾ? ಇಲ್ಲಿ ಯಾರೂ ಹಾಡಲ್ಲ ಮೇಷ್ಟ್ರೇ."

"ಹಾಡ್ತಿದ್ದರು. ನಾನು ಬಾಗಿಲಲ್ಲೇ ನಿಂತು ಕೇಳಿದೆ."

ಚರ್ಚಿನ ಗಿರಾಕಿಯನ್ನು ಕಳೆದುಕೊಳ್ಳುವ ಹೆಂಗಸಲ್ಲ ಲಾಳದಮ್ಮ. "ಹಾಡೇ," ಎಂದಳು. "ಮೇಷ್ಟ್ರು ಕೇಳ್ತಿದ್ದಾರೆ. ತುಟಿಯೊಳಗೆ ಗೊಣಗಬೇಡ, ಬಾಯಿ ಬಿಟ್ಟು ಹಾಡು."

ಅವಳು ಹಾಡಿದಳು. ಆ ಕೋಣೆಯಲ್ಲಿ ದನಿ ಎತ್ತಿ ಹಾಡಿದ ಮೊದಲನೆಯ ಹಾಡು ಅದು. ಮೇಜುಗಳ ಇಸ್ತ್ರಿಪೆಟ್ಟಿಗೆಗಳೆಲ್ಲ ನಿಂತವು. ನಿಲ್ಲಿಸುವ ಜಾಗ ಬಂದಾಗ ನಿಲ್ಲಿಸಿದಳು. ಕಿವಿಯೆಲ್ಲ ಬುಟ್ಟಿಯ ಕಡೆಗೆ. ಏನೂ ಕೇಳಿಸಲಿಲ್ಲ. ನನ್ನ ಬಂಗಾರ, ಎಷ್ಟು ಜಾಣ ಎಂದುಕೊಂಡು ಮುಂದುವರಿಸಿದಳು.

ಮೇಷ್ಟ್ರು ಗುನುಗಿ ನೋಡಿದರು. ಎರಡನೆಯ ಸಾಲಿನಲ್ಲಿ ತಪ್ಪಿದರು. "ಇನ್ನೊಂದು ಸಲ, ತಾಯಿ."

ಅವಳು ಇನ್ನೊಂದು ಸಲ ಹಾಡಿದಳು.

"ಅಲ್ಲಿ ಯಾಕಮ್ಮ ನಿಲ್ಲಿಸ್ತೀರಿ?"

"ಅದು ಹಾಗೇ ಇದೆ, ಸ್ವಾಮಿ."

"ಹೆಜ್ಜೆ ಯಾರದು?"

"ಯಾರದೋ ಸ್ವಾಮಿ. ಬರ್ತಾ ಇರೋರದು."

"ಆ ನಿಲುಗಡೆಯೇ ಹಾಡಿನ ಜೀವ," ಎಂದರು ಮೇಷ್ಟ್ರು ಲಾಳದಮ್ಮನಿಗೆ. "ಕಲಿತವರಿಗೂ ಇಷ್ಟು ಧೈರ್ಯವಾಗಿ ಸುಮ್ಮನಿರೋಕೆ ಬರಲ್ಲ. ಒಂದೇ ಒಂದು ಸಲ, ತಾಯಿ. ನಾನೂ ಜೊತೆಗೆ ಹಾಡ್ತೀನಿ."

ಇಬ್ಬರೂ ಹಾಡಿದರು. ಇಬ್ಬರೂ ನಿಲ್ಲಿಸಿದರು. ಆ ಸಲವೂ ಬುಟ್ಟಿಯಿಂದ ಏನೂ ಕೇಳಿಸಲಿಲ್ಲ. ಮೇಷ್ಟ್ರ ಕಣ್ಣು ಒದ್ದೆಯಾಯಿತಂತೆ. ಲಾಳದಮ್ಮನೂ ಗಂಟಲು ಸರಿಮಾಡಿಕೊಂಡದ್ದು ನಮಗೆ ಕೇಳಿಸಿತು. ಆಮೇಲೆ ಮೆತ್ತನೆಯ ಷೂಗಳೂ ಲಾಳದ ಷೂಗಳೂ ಮಾತಾಡುತ್ತ ಬಾಗಿಲ ಕಡೆಗೆ ಹೋದವು. ಹಿಂದೆ ಒದ್ದೆ ಬಟ್ಟೆಗಳನ್ನು ಎಳೆದೆಳೆದು ನೆಲಕ್ಕೆ ಎಸೆಯುವ ಸದ್ದು. ಆಮೇಲೆ ಸದ್ದಿಲ್ಲ. ಆಮೇಲೆ ಅವಳು, "ಅಳೋ," ಎಂದಳು. "ಹೋದರು ಕಣೋ. ಇನ್ನು ಅಳಬಹುದು. ಅಳೋ."

ಆಗ ನಾವೆಲ್ಲರೂ ತಿರುಗಿದೆವು.

ಲಾಳದಮ್ಮ ಮರಳಿ ಬಂದವಳು ನೋಡಿದಳು. ಅವಳ ಬಣ್ಣ ಇಳಿಯಿತು, ಅದನ್ನು ನಾನು ಮುಚ್ಚಿಡುವುದಿಲ್ಲ. ಆದರೆ ಬಾಯಿ ತೆರೆದಾಗ ಬಂದ ಮಾತು ಇದು: "ನೆಲದ ಮೇಲಿನ ನಿಲುವಂಗಿಗಳನ್ನ ಮತ್ತೆ ತೊಳೆಯೋಕೆ ಹಾಕಿ. ಹಬ್ಬಕ್ಕೆ ಕೊಡಬೇಕು." ಗಂಜಿಯಕ್ಕನನ್ನು ಅವಳು ಕೆಲಸದಿಂದ ತೆಗೆಯಲಿಲ್ಲ. "ಒಳಗೆ ಮಗು ಇದ್ದರೆ ತಾಯಿ ಹೊರಗೆ ಅನ್ನೋದು ನಿಯಮ. ಈಗ ಮಗು ಇಲ್ಲವಲ್ಲ," ಎಂದಳು. ಹಬ್ಬದ ಕೆಲಸ ರಾಶಿ ಬಿದ್ದಿತ್ತು. ಕಾಲರು ನಿಲ್ಲಿಸುವ ಕೈ ಇನ್ನೊಂದಿರಲಿಲ್ಲ. ಗುಬ್ಬಿಯನ್ನು ಹೂತು ಬಂದ ಮಾರನೆಯ ದಿನ ಗಂಜಿಯಕ್ಕ ಆ ನಿಲುವಂಗಿಗಳಿಗೇ ಇಸ್ತ್ರಿ ಮಾಡಿದಳು. ಒಂದು ಕಾಲರೂ ಬಾಗಿರಲಿಲ್ಲ.

ಕ್ರಿಸ್ಮಸ್ ಬೆಳಿಗ್ಗೆ ಅವಳು ಚರ್ಚಿಗೆ ಹೋಗಲಿಲ್ಲ. ಅತ್ತೆ ಹೋದಳು. ಬಂದವಳು ಚಪ್ಪಲಿ ಬಿಚ್ಚುವ ಮೊದಲೇ ಶುರುಮಾಡಿದಳು.

"ಹೊಸ ಹಾಡು ಹಾಡಿದರು ಕಣೇ. ಕಲ್ಲಾದರೂ ಕರಗಬೇಕು! ಮಲಗು ಗೋದಲಿಯ ಕಂದ ಅಂತ. ನಡುವೆ ಒಂದು ಕಡೆ ಸುಮ್ಮನಾಗಿಬಿಡ್ತಾರೆ ನೋಡು, ಎದೆ ಹಿಡಿದುಕೊಂಡ ಹಾಗಾಗುತ್ತೆ."

ಮೇಷ್ಟ್ರು ಹೆಚ್ಚೇನೂ ಬದಲಿಸಿರಲಿಲ್ಲ. ಬುಟ್ಟಿ ಗೋದಲಿಯಾಯಿತು, ಬಟ್ಟೆ ತಾರೆಯಾಯಿತು, ಹೋಗಬೇಕಾದ ಹೆಜ್ಜೆ ಸೇರಬೇಕಾದ ಹೆಜ್ಜೆಯಾಯಿತು. ಕೊನೆಯ ಸಾಲನ್ನು ಇದ್ದ ಹಾಗೆಯೇ ಬಿಟ್ಟಿದ್ದರು. ಅತ್ತೆ ಅದನ್ನು ಪಾತ್ರೆ ತೊಳೆಯುವಾಗ ಹಾಡಿದಳು, ಕಸ ಗುಡಿಸುವಾಗ ಹಾಡಿದಳು. ಅದು ಗುಬ್ಬಿಯ ಹಾಡೆಂದು ಅವಳಿಗೆ ಗೊತ್ತಿರಲಿಲ್ಲ. ಸೊಸೆಯೇ ಕೊನೆಗೊಮ್ಮೆ ಹೇಳಿದಳು. ಹೇಳಿದ ಮೇಲೆ ಅತ್ತೆ ಸ್ವಲ್ಪ ದಿನ ಹಾಡಲಿಲ್ಲ. ಆಮೇಲೆ, "ಹಾಡು ಏನು ತಪ್ಪು ಮಾಡ್ತು?" ಎಂದು ಮತ್ತೆ ಶುರುಮಾಡಿದಳು.

ಮುಂದಿನ ವರ್ಷದ ಹಬ್ಬಕ್ಕೆ ಮೊದಲು ಗಂಜಿಯಕ್ಕ ಮೇಷ್ಟ್ರ ಮನೆಗೆ ಹೋದಳು. ಒಬ್ಬಳೇ ಹೋಗಲು ಕಾಲು ಬರದೆ ನನ್ನನ್ನು ಕರೆದಳು. ಮೇಷ್ಟ್ರು ಪಿಯಾನೋ ಮುಂದೆ ಕೂತಿದ್ದರು. ಗುರುತು ಹಿಡಿದು ಎದ್ದು ನಿಂತರು. ತಾವು ಕುಳಿತಿದ್ದ ಕುರ್ಚಿಯನ್ನೇ ಅವಳಿಗೆ ಕೊಟ್ಟರು.

"ನಿಮ್ಮ ಹೆಸರನ್ನೂ ಹೇಳಿಸಬೇಕು ಅಂತ ನನಗೆ ಆಸೆ ಇದೆಯಮ್ಮ, ಹಾಡೋ ಮೊದಲು," ಎಂದರು.

"ನನ್ನ ಹೆಸರು ಬೇಡ ಸ್ವಾಮಿ. ಹಾಡು ಬಿಟ್ಟುಬಿಡಿ. ಅದು ನನ್ನ ಮಗುವಿನದು."

"ಮಗುವನ್ನೂ ಕರ್ಕೊಂಡು ಬನ್ನಿ. ಮುಂದಿನ ಬೆಂಚಿನಲ್ಲೇ ಕೂರಿಸೋಣ."

ಆಗ ಅವಳು ಎಲ್ಲವನ್ನೂ ಹೇಳಿದಳು. ಅಳದೆ, ಕಾಲರು ಮಡಿಸುವಷ್ಟು ಅಚ್ಚುಕಟ್ಟಾಗಿ ಹೇಳಿದಳು. ಅವರು ಮೂರು ಸಲ ಹಾಡಿಸಿದ್ದು, ಬುಟ್ಟಿ ಅವರ ಮೊಣಕಾಲಿನ ಬಳಿಯೇ ಇದ್ದದ್ದು. ಮೇಷ್ಟ್ರು ಗೋಡೆಗೆ ಒರಗಿ ಕೂತುಬಿಟ್ಟರು. ಮುಖ ಮುಚ್ಚಿಕೊಂಡು ಬಿಕ್ಕಿದರು. ಅದು ನಟನೆಯಲ್ಲ, ನಟನೆ ಯಾವುದು ಎಂಬುದು ನನಗೆ ಗೊತ್ತು. ಬಹಳ ಹೊತ್ತಿನ ಮೇಲೆ ಮುಖ ಒರೆಸಿಕೊಂಡರು.

"ಬಿಡೋಕೆ ಆಗಲ್ಲಮ್ಮ. ಹಾಡು ಈಗ ನನ್ನ ಕೈಲಿಲ್ಲ, ಜನರ ಬಾಯಲ್ಲಿದೆ. ಅವರನ್ನ ಸುಮ್ಮನಿರಿ ಅನ್ನೋಕೆ ನಾನು ಯಾರು?" ಪಿಯಾನೋದ ಕಡೆಗೆ ನೋಡಿದರು. "ಆದರೆ ನೀವು ಹೇಳಿದ್ದು ಒಳ್ಳೇದಾಯ್ತು. ಆ ಮೌನವನ್ನ ನಾವು ತೀರಾ ಚಿಕ್ಕದಾಗಿ ಹಿಡೀತಿದ್ದೀವಿ."

ಆ ವರ್ಷ ಮೌನ ಎರಡರಷ್ಟು ಉದ್ದವಾಯಿತು. ಊರು ಅದನ್ನು ಮೊದಲಿಗಿಂತಲೂ ಹೆಚ್ಚು ಮೆಚ್ಚಿತು.

ಮೌನ ಉದ್ದವಾದದ್ದರಿಂದಲೇ ಮುಂದಿನ ಪದ್ಧತಿ ಹುಟ್ಟಿತು. ಚಿಕ್ಕ ಮೌನವನ್ನು ಮಕ್ಕಳು ಹೇಗೋ ದಾಟಿಬಿಡುತ್ತಿದ್ದರು. ಉದ್ದನೆಯದನ್ನು ದಾಟಲಾಗದೆ ಅಲ್ಲೊಂದು ಇಲ್ಲೊಂದು ಕೂಸು ಕುಂಯ್ ಎನ್ನುತ್ತಿತ್ತು. ಜನ ತಿರುಗಿ ನೋಡುತ್ತಿದ್ದರು. ತಾಯಂದಿರಿಗೆ ಅವಮಾನವಾಗುತ್ತಿತ್ತು. ಅವರು ಮನೆಯಲ್ಲೇ ಕಲಿಸಲು ತೊಡಗಿದರು. ಹಾಡು ಹೇಳುವುದು, ಆ ಜಾಗ ಬಂದಾಗ ಕೂಸಿನ ಬಾಯಿಯ ಮೇಲೆ ಅಂಗೈ ಇಡುವುದು, ಮುಗಿದ ಮೇಲೆ ಹಾಲು ಕೊಡುವುದು. ಯಾರೂ ಅವರಿಗೆ ಹೇಳಿಕೊಟ್ಟಿರಲಿಲ್ಲ. ಹಾಡೇ ಹೇಳಿಕೊಟ್ಟಿತು. ಆರಾಧನೆ ಮುಗಿದ ಮೇಲೆ, ಎಲ್ಲಕ್ಕಿಂತ ಅಲುಗದೆ ಇದ್ದ ಕೂಸನ್ನು ಆರಿಸಿ, ಮುಂದಕ್ಕೆ ಎತ್ತಿಕೊಂಡು ಹೋಗಿ, ಗೋದಲಿಯ ಹುಲ್ಲನ್ನು ಅದರ ಕೈಯಿಂದ ಮುಟ್ಟಿಸುವ ರೂಢಿಯಾಯಿತು. ಅದಕ್ಕೆ ಮೌನದ ಮಗು ಎಂದು ಹೆಸರು. ಮದುವೆಯ ವಯಸ್ಸು ಬಂದಾಗಲೂ, "ನಮ್ಮ ಹುಡುಗಿ ಮೌನದ ಮಗುವಾಗಿದ್ದವಳು," ಎಂದು ಹೇಳಿಕೊಂಡವರಿದ್ದಾರೆ.

ಗಂಜಿಯಕ್ಕ ಮೊದಲ ಬಾರಿಗೆ ಚರ್ಚಿನಲ್ಲಿ ಆ ಹಾಡು ಕೇಳಿದ್ದು ಅತ್ತೆ ಸತ್ತ ವರ್ಷ. ಹಿಂದಿನ ಬೆಂಚುಗಳು ಕೂಸುಗಳ ತಾಯಂದಿರಿಗೆ ಮೀಸಲು. ತಡವಾಗಿ ಹೋದದ್ದರಿಂದ ಅವಳಿಗೆ ಅಲ್ಲೇ ಜಾಗ ಸಿಕ್ಕಿತು. ಹಾಡು ನಿಂತಿತು. ಪಕ್ಕದ ತಾಯಿ ಕೂಸಿನ ಬಾಯಿ ಮುಚ್ಚಿದಳು. ಕೂಸಿನ ಮುಖ ಕೆಂಪಾಯಿತು, ಕಣ್ಣು ದೊಡ್ಡವಾದವು. ಗಂಜಿಯಕ್ಕ ಕೈ ಚಾಚಿ ಅದರ ತೊಡೆಯನ್ನು ಚಿವುಟಿದಳು. ಕೂಸು ತಲೆ ಒದರಿ, ತಾಯಿಯ ಕೈ ತಪ್ಪಿಸಿ, ಚಾವಣಿ ಹಾರಿಹೋಗುವಂತೆ ಅರಚಿತು. ಇಡೀ ಚರ್ಚು ಹಿಂದಕ್ಕೆ ತಿರುಗಿತು. ಅವಳು ಮಾತ್ರ ಕಣ್ಣು ಮುಚ್ಚಿ, ಬಿಸಿಲಲ್ಲಿ ನಡೆದು ಬಂದವಳು ನೀರು ಕುಡಿದಂತೆ ಉಸಿರೆಳೆದುಕೊಂಡಳು.

ಆಮೇಲೆ ಪ್ರತಿ ವರ್ಷವೂ ಅಷ್ಟೇ. ಒಂದು ಕೂಸು, ಒಂದು ಚಿವುಟು. ಮಕ್ಕಳು ಅವಳನ್ನು ಚಿವುಟಜ್ಜಿ ಎಂದು ಕರೆದರು, ದೊಡ್ಡವರೂ ಅದನ್ನೇ ಹಿಡಿದರು. "ಮಗುವನ್ನೂ ಚಿವುಟಿ ತೊಟ್ಟಿಲನ್ನೂ ತೂಗೋರನ್ನ ಕಂಡಿದ್ದೀವಿ. ಇವಳಿಗೆ ಬರೀ ಚಿವುಟೋದು ಗೊತ್ತು, ತೂಗೋದು ಗೊತ್ತಿಲ್ಲ," ಎಂದು ಬೇಕರಿಯವನು ಹೇಳಿದ ಮಾತು ಊರಿನಲ್ಲಿ ಓಡಾಡಿತು. ಒಬ್ಬ ಕೂಸಿನ ತಂದೆ ಚರ್ಚಿನ ಅಂಗಳದಲ್ಲೇ ಅವಳ ಕೆನ್ನೆಗೆ ಹೊಡೆದ. ಚರ್ಚಿನ ಹಿರಿಯರು ಒಳಗೆ ಬರಬೇಡ ಎಂದರು, ಅವಳು ಬಂದಳು. ತಾಯಂದಿರು ಜಾಗ ಬದಲಿಸಿದರು; ಅವಳೂ ಬದಲಿಸಿದಳು. ವಿಷಯ ಗೊತ್ತಿದ್ದ ಲಾಂಡ್ರಿಯ ಹೆಂಗಸರೂ ಒಬ್ಬೊಬ್ಬರಾಗಿ ಅವಳ ಮನೆಯ ದಾರಿ ಬಿಟ್ಟರು. ಅವರ ಮೊಮ್ಮಕ್ಕಳೂ ಆ ಬೆಂಚುಗಳಲ್ಲಿದ್ದರು.

ಅವಳು ಒಳ್ಳೆಯವಳಾಗಿದ್ದಳು ಎಂದು ನಾನು ಬರೆಯುವುದಿಲ್ಲ. ಅವಳ ಚಿವುಟು ಹಗುರವಾದದ್ದಲ್ಲ. ಕಾದ ಕಬ್ಬಿಣ ಹಿಡಿದು ಗಟ್ಟಿಯಾದ ಬೆರಳುಗಳು. ಕಲೆ ವಾರಗಟ್ಟಲೆ ಉಳಿಯುತ್ತಿತ್ತು. ಯಾವ ತಾಯಿಯ ಮುಂದೆಯೂ ಅವಳು ಕಾರಣ ಹೇಳಲಿಲ್ಲ, ಕ್ಷಮೆ ಕೇಳಲಿಲ್ಲ.

"ಆ ಕೂಸು ನಿನಗೇನು ಮಾಡಿತ್ತು?" ಎಂದು ನಾನೊಮ್ಮೆ ಕೇಳಿದೆ.

"ಏನೂ ಮಾಡಿರಲಿಲ್ಲ. ಅದಕ್ಕೇ ಚಿವುಟಿದ್ದು. ಏನಾದರೂ ಮಾಡಲಿ ಅಂತ."

"ಕಾರಣ ಹೇಳಿಬಿಡು ಮಾರಾಯ್ತಿ. ಜನರಿಗೆ ಅರ್ಥವಾಗುತ್ತೆ."

"ಮೇಷ್ಟ್ರಿಗೆ ಹೇಳಿದೆ. ಅರ್ಥವಾಯ್ತು. ಏನು ಮಾಡಿದ ನೋಡಿದೆಯಲ್ಲ."

ಅವಳಿಗೆ ಬೇಕಾಗಿದ್ದದ್ದು ಒಂದೇ: ಆ ಮೌನದೊಳಗೆ ಒಂದು ಕೂಸು ಅಳಬೇಕು. ಅತ್ತ ವರ್ಷ ಅವಳು ಮನೆಗೆ ಹೋಗಿ ಊಟ ಮಾಡಿ ಮಲಗುತ್ತಿದ್ದಳು. ಯಾವ ವರ್ಷವೂ ತಪ್ಪಿರಲಿಲ್ಲ.

ಕಳೆದ ಕ್ರಿಸ್ಮಸ್ಸಿಗೆ ಅವಳ ಪಕ್ಕದಲ್ಲಿ ಕೂತದ್ದು ನಮ್ಮ ಬೀದಿಯ ದರ್ಜಿ ಹೆಂಗಸು. ಚಿಕ್ಕ ವಯಸ್ಸಿನವಳು, ಚುರುಕು, ಬಾಯಿ ಜೋರು. ಚಿವುಟಜ್ಜಿಯ ಪಕ್ಕದ ಜಾಗಕ್ಕೆ ಉಳಿದವರು ಹಿಂಜರಿದರೆ ಇವಳು ಬೇಕೆಂದೇ ಬಂದು ಕೂತಳು. "ಬನ್ನಿ ಅಜ್ಜಿ, ನೋಡೇಬಿಡೋಣ. ನಿಮ್ಮ ಕೈ ಹೆಚ್ಚೋ ನನ್ನ ಮಗಳು ಹೆಚ್ಚೋ," ಎಂದು ಎಲ್ಲರಿಗೂ ಕೇಳುವಂತೆ ಅಂದಳು. ಸುತ್ತಲಿನವರು ನಕ್ಕರು. ಮಡಿಲಲ್ಲಿ ಹೆಣ್ಣು ಕೂಸು. ಇನ್ನೂ ನಡಿಗೆ ಕಲಿತಿರಲಿಲ್ಲ. ನಾನು ಅವರ ಹಿಂದಿನ ಬೆಂಚಿನಲ್ಲಿದ್ದೆ.

ಹಾಡು ಬಂತು, ನಿಂತಿತು. ತಾಯಿ ಕೂಸಿನ ಬಾಯಿ ಮುಚ್ಚಲಿಲ್ಲ. ಎರಡು ಕೈಗಳನ್ನೂ ಬೆಂಚಿನ ಮೇಲಿಟ್ಟುಕೊಂಡು ಕೂತಳು. ಕೂಸು ತಾನಾಗಿ ತುಟಿ ಬಿಗಿಯಿತು. ಚಿವುಟಜ್ಜಿ ಚಿವುಟಿದಳು.

ಕೂಸು ಅಳಲಿಲ್ಲ.

ಅವಳು ಮತ್ತೆ ಚಿವುಟಿದಳು, ಹಿಡಿದು ತಿರುಚಿದಳು. ಕೂಸಿನ ಕಣ್ಣು ತುಂಬಿ, ನೀರು ಕೆನ್ನೆಯ ಮೇಲೆ ಇಳಿಯಿತು. ಗಲ್ಲ ನಡುಗಿತು. ತುಟಿ ಬಿಚ್ಚಲಿಲ್ಲ. ಅದು ಅಜ್ಜಿಯ ಮುಖವನ್ನೇ ನೋಡುತ್ತಿತ್ತು, ಮುಗಿಯಿತೇ ಎಂದು ಕೇಳುವಂತೆ.

"ಅಳೇ," ಎಂದಳು ಚಿವುಟಜ್ಜಿ. ಆ ಮೌನದಲ್ಲಿ ಅದು ಪೀಠದವರೆಗೂ ಕೇಳಿಸಿತು. "ಅಳೇ ನನ್ನಮ್ಮ. ಒಂದು ಸಲ ಅಳೇ. ನಿನಗೆ ಕೈಮುಗೀತೀನಿ, ಅಳೇ."

ಇಬ್ಬರು ಗಂಡಸರು ಬಂದು ಅವಳ ರಟ್ಟೆ ಹಿಡಿದರು. ಅವಳ ಬೆರಳುಗಳನ್ನು ತೊಡೆಯಿಂದ ಒಂದೊಂದಾಗಿ ಬಿಡಿಸಬೇಕಾಯಿತು. ಗಾಯಕರು ತಮ್ಮ ಹೊತ್ತಿಗೆ ಸರಿಯಾಗಿ ಮುಂದಿನ ಸಾಲು ಎತ್ತಿಕೊಂಡರು. ಆಗ ಕೂಸು ಉಸಿರು ಬಿಟ್ಟಿತು. ಬಾಗಿಲಿನಿಂದ ಹೊರಗೆ ಎಳೆಯುವಾಗ ಅವಳು ತಿರುಗಿ ತಿರುಗಿ ನೋಡುತ್ತಿದ್ದಳು. ಆ ವರ್ಷದ ಮೌನದ ಮಗು ಯಾರೆಂದು ಆರಿಸುವ ಪ್ರಶ್ನೆಯೇ ಬರಲಿಲ್ಲ. ದರ್ಜಿ ಹೆಂಗಸು ಮಗಳನ್ನು ಎತ್ತಿ ಹಿಡಿದು ನಡುವಿನ ದಾರಿಯಲ್ಲಿ ನಡೆದಾಗ ಜನ ಎದ್ದು ನಿಂತರು.

ನಾನು ಹೊರಗೆ ಹೋದೆ. ಚಿವುಟಜ್ಜಿ ಮೆಟ್ಟಿಲ ಮೇಲೆ, ಮೇಷ್ಟ್ರ ಹೆಸರು ಕೆತ್ತಿದ ಕಲ್ಲಿನ ಕೆಳಗೆ ಕೂತಿದ್ದಳು.

"ಉಸಿರಾಡ್ತಿತ್ತಾ?" ಎಂದು ಕೇಳಿದಳು.

"ಆಡ್ತಿತ್ತು."

"ನೀನು ನೋಡಿದೆಯಾ?"

"ನೋಡಿದೆ. ಎದೆ ಏರಿಳೀತಿತ್ತು. ನಡಿ ಮನೆಗೆ."

"ನೀನು ಆವತ್ತೂ ಬೆನ್ನು ತಿರುಗಿಸಿ ನಿಂತಿದ್ದವಳು," ಎಂದಳು. ಏಳಲಿಲ್ಲ.

ಅವಳು ನಂಬಲಿಲ್ಲ. ಮಾರನೆಯ ದಿನದಿಂದ ದರ್ಜಿ ಹೆಂಗಸಿನ ಮನೆಯ ಮುಂದೆ ನಿಂತು ಕಿಟಕಿಗೆ ಕಿವಿ ಕೊಡುತ್ತಿದ್ದಳು. ಅಳು ಕೇಳಿಸಬೇಕು ಎಂದು. ಆ ಮನೆಯವರು ಮೊದಲು ಗದರಿದರು, ಆಮೇಲೆ ನೀರು ಎರಚಿದರು. ಒದ್ದೆ ಬಟ್ಟೆಯಲ್ಲೇ ಚಳಿಯಲ್ಲಿ ನಿಂತಳು. ಅದು ಎದೆಗೆ ಇಳಿಯಿತು. ಕೊನೆಯ ದಿನಗಳಲ್ಲಿ ನಾನು ಹೋದಾಗಲೆಲ್ಲ ಅವಳು ಕೇಳುತ್ತಿದ್ದದ್ದು ಅದೊಂದೇ: "ಅತ್ತಿತಾ?" ಅತ್ತಿತು ಎಂದು ನಾನು ಸುಳ್ಳು ಹೇಳಬಹುದಿತ್ತು. ಸುಳ್ಳನ್ನು ಅವಳು ದನಿಯಿಂದಲೇ ಹಿಡಿಯುತ್ತಿದ್ದಳು. ಅಷ್ಟು ವರ್ಷ ನಮ್ಮ ಪರಿಚಯ ದನಿಯದೇ ಆಗಿತ್ತು. ಇಲ್ಲ ಎಂದೆ. ಹಾಗೆಯೇ ಸತ್ತಳು.

ಮಣ್ಣು ಮಾಡಿ ಮರಳುವಾಗ ನನ್ನ ದಾರಿ ದರ್ಜಿ ಹೆಂಗಸಿನ ಅಂಗಡಿಯ ಮುಂದೆಯೇ. ಅವಳು ಕರೆದಳು.

"ಹೋದಳಂತಲ್ಲ ಚಿವುಟಜ್ಜಿ? ಬನ್ನಿ ಇಲ್ಲಿ, ಏನು ಮಾಡಿದ್ದಾಳೆ ನೋಡಿ." ಕೂಸು ಚಿಂದಿಬಟ್ಟೆಗಳ ರಾಶಿಯ ಮೇಲೆ ಕೂತಿತ್ತು. ತಾಯಿ ಅದರ ಲಂಗ ಸರಿಸಿ ತೊಡೆ ತೋರಿಸಿದಳು. ಹಸಿರುಗಟ್ಟಿದ ಗುರುತು. "ಇಷ್ಟು ಚಿವುಟಿದರೂ ತುಟಿ ಬಿಚ್ಚಲಿಲ್ಲ ನನ್ನ ಚಿನ್ನ. ಇಂಥ ಮಗು ಸಾವಿರಕ್ಕೊಂದು. ಈಗಂತೂ ಮನೆಯಲ್ಲೂ ಅಳಲ್ಲ. ಬಿದ್ದರೂ ಅಳಲ್ಲ. ಎಷ್ಟು ಸುಖ ಗೊತ್ತಾ!"

ಅವಳು ಯಂತ್ರಕ್ಕೆ ಮರಳಿ ಕೂತು ತುಳಿಯತೊಡಗಿದಳು. ಕೈ ಕೆಲಸದಲ್ಲಿದ್ದಾಗ ಎಲ್ಲರೂ ಗುನುಗುವಂತೆ ಅವಳೂ ಗುನುಗಿದಳು, ಗೋದಲಿಯ ಕಂದ, ಬಿಳಿಯ ತಾರೆ. ನಿಲ್ಲುವ ಜಾಗದಲ್ಲಿ ನಿಂತಳು. ನೂಲು ಹರಿದಿತ್ತು, ಸೂಜಿಗೆ ಪೋಣಿಸಲು ಬಗ್ಗಿದಳು. ಯಂತ್ರವೂ ನಿಂತಿತು.

ಕೂಸು ತುಟಿ ಬಿಗಿದು, ಉಸಿರು ಹಿಡಿದು ಮುಂದಿನ ಸಾಲಿಗೆ ಕಾಯುತ್ತಿತ್ತು. ನೂಲು ಸೂಜಿಯ ಕಣ್ಣಿಗೆ ಸಿಗಲಿಲ್ಲ. ಅವಳು ಅದನ್ನು ಬಾಯಲ್ಲಿ ನೆನೆಸಿ ಹೊಸೆದಳು, ಮತ್ತೆ ಬಗ್ಗಿದಳು, ಹಾಡನ್ನು ಮರೆತೇಬಿಟ್ಟಳು.